ಪ್ರೊಜೆಕ್ಟರಿಗೆ ಇಟ್ಟ ಕುಂಕುಮ

ಮಳವಳ್ಳಿಯಿಂದ ಬಂದ ಪ್ರೊಜೆಕ್ಟರಿನ ಮುಚ್ಚಳ ತೆಗೆದವನೇ ಮುಖ ಹಿಂದಕ್ಕೆ ಎಳೆದುಕೊಂಡೆ. ಥೂ! ಎಷ್ಟೋ ವರ್ಷ ಅಟ್ಟದ ಮೇಲೆ ಬಿದ್ದಿದ್ದ ಪೆಟ್ಟಿಗೆ. ಒಳಗೆ ಜಿರಳೆಗಳು ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಅಲ್ಲೇ ಸತ್ತು ಒಣಗಿದ್ದವು. ಇಲಿ ಹಿಕ್ಕೆ ಬೇರೆ. ರಬ್ಬರ್ ಬೆಲ್ಟು ಕರಗಿ ಟಾರಿನ ಹಾಗೆ ಚಕ್ರಕ್ಕೆ ಮೆತ್ತಿಕೊಂಡಿತ್ತು. ಒಮ್ಮೆ ಬೆರಳಿಗೆ ಹತ್ತಿದರೆ ಸೀಮೆಎಣ್ಣೆಗೂ ಜಗ್ಗುವುದಿಲ್ಲ ಆ ದರಿದ್ರ. ಜೊತೆಗೆ ಕೊಟ್ಟಿದ್ದ ಫಿಲ್ಮ್ ಡಬ್ಬಿಯ ಮುಚ್ಚಳ ಬಿಚ್ಚಿದರೆ ಕೆಟ್ಟ ಉಪ್ಪಿನಕಾಯಿಯ ಹುಳಿ ವಾಸನೆ ಮೂಗಿಗೆ ಗುದ್ದಿತು. ಹಳೇ ಫಿಲ್ಮು ಕೊಳೆಯುವುದು ಹಾಗೆಯೇ, ಹುಳಿ ಬಂದು. ತಂದುಕೊಟ್ಟವನು ಮಾತ್ರ "ವಸಿ ಒರುಸ್ಕೊಡಿ ಸಾರ್, ಸೌಂಡು ಜೋರಾಗ್ ಬರಂಗೆ ಮಾಡಿ, ಆಂಟಿಕ್ ಪೀಸು" ಎಂದು ಹಲ್ಲು ಕಿರಿದು ಹೋಗಿದ್ದ.

ಮೂಗಿಗೆ ಕರ್ಚೀಫು ಕಟ್ಟಿಕೊಂಡು ಒರೆಸಲು ಕೂತೆ. ಮಂಡ್ಯದಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ಮನೆಯಲ್ಲೇ ಸಿನಿಮಾ ತೋರಿಸುವ ಈ ಹಳೇ ಪ್ರೊಜೆಕ್ಟರುಗಳು ನನಗೆ ಹತ್ತಿದ ಚಟ. ಬೆಲ್ಟು ಬದಲಿಸಿ, ಹೆಡ್ಡು ತೊಳೆದು, ಸತ್ತುಹೋದ ಕೆಪಾಸಿಟರುಗಳನ್ನು ಕಿತ್ತು ಹೊಸದು ಕೂರಿಸಿ, ಗುಂಯ್‌ಗುಡುವ ಸ್ಪೀಕರಿನಿಂದ ಮನುಷ್ಯರ ಮಾತು ಹೊರಡಿಸುವುದರಲ್ಲಿ ಒಂದು ಸುಖವಿದೆ. ಮೊದಲು ಗಲೀಜು ಬಾಚಬೇಕು, ಅಷ್ಟೆ.

ಹಾಗೆ ಬಾಚುತ್ತಿದ್ದಾಗ ಪಕ್ಕದ ತಗಡಿನ ಮೇಲೆ ಒಂದು ಬೊಟ್ಟು ಕಂಡಿತು. ಒಣಗಿ ಕಪ್ಪಾದ ಕುಂಕುಮ. ಯಾವುದೋ ಕಾಲದ ಆಯುಧಪೂಜೆಯದು. ಅದರಲ್ಲಿ ಹೆಚ್ಚೇನಿಲ್ಲ, ಟ್ರ್ಯಾಕ್ಟರು, ಪಂಪ್‌ಸೆಟ್ಟು, ಮಿಕ್ಸಿ, ಮಗನ ಲ್ಯಾಪ್‌ಟಾಪು, ನಮ್ಮ ಕಡೆಯವರು ಕುಂಕುಮ ಇಡದೆ ಬಿಟ್ಟದ್ದು ಯಾವುದಿದೆ? ಆದರೂ ನನ್ನ ಕೈ ನಿಂತುಬಿಟ್ಟಿತು. ಮದ್ದೂರಿನ ಮಿಲ್ಲಿನಮನೆ ಅವ್ವ ನೆನಪಾದರು...

ನಾನು ಹುಡುಗನಾಗಿದ್ದಾಗ ನಾವು ಮದ್ದೂರಿನಲ್ಲಿ ಅವರ ಅಕ್ಕಿ ಮಿಲ್ಲಿನ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ಮಿಲ್ಲು ಓಡುವಾಗ ನಮ್ಮ ಮನೆಯ ಪಾತ್ರೆಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಅವ್ವನ ತವರು ಅಲ್ಲೇ ಹತ್ತಿರದ ಕೊಪ್ಪ. ಎತ್ತರದ, ಎಲುಬು ಗಟ್ಟಿಯಾದ ಹೆಂಗಸು. ಮಾತು ಕಡಿಮೆ. ನುಚ್ಚಕ್ಕಿ ಕೇಳಲು ಬಂದವರಿಗೆ ಮೊರದ ತುಂಬ ಸುರಿದು, ಮುಖ ಕೂಡ ನೋಡದೆ ಒಳಗೆ ಹೋಗಿಬಿಡುವರು. ಮಿಲ್ಲಿನ ಯಜಮಾನರು ಅದಕ್ಕೆ ತದ್ವಿರುದ್ಧ. ಬಾಯಿ ಎಂದರೆ ಬಾಯಿ. ಲಾರಿಯವನನ್ನು, ಹಮಾಲಿಗಳನ್ನು, ಬ್ಯಾಂಕಿನ ಮ್ಯಾನೇಜರನ್ನು, ಎದುರಿಗೆ ಸಿಕ್ಕ ದಾಸಯ್ಯನನ್ನು, ಯಾರನ್ನೂ ಬಿಡುತ್ತಿರಲಿಲ್ಲ. ಬೈಸಿಕೊಂಡವರು ಸಹ "ಯಜಮಾನ್ರು ಬಾಯ್ ಒರಟು ಕಣ್ಲಾ, ಮನ್ಸು ಬೆಣ್ಣೆ" ಎಂದು ನಗುತ್ತ ಹೋಗುವರು. ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರ ಬಗ್ಗೆ ಕೇಳಿದ್ದೇನೋ. ಆ ಬೆಣ್ಣೆಯನ್ನು ಕಂಡವರು ಮಾತ್ರ ನನಗೆ ಇದುವರೆಗೆ ಸಿಕ್ಕಿಲ್ಲ.

ಆ ಮನೆಯಲ್ಲಿ ಒಂದು ಸಿನಿಮಾ ಪೆಟ್ಟಿಗೆ ಇತ್ತು. ಯಜಮಾನರ ಚಿಕ್ಕಪ್ಪನ ಮಗನೊಬ್ಬ ಹಡಗಿನ ಕೆಲಸದಲ್ಲಿದ್ದ. ಅವನು ಹೊರದೇಶದಿಂದ ಒಂದು ಕ್ಯಾಮೆರಾ, ಇಂಥದೇ ಒಂದು ಪ್ರೊಜೆಕ್ಟರು, ಎರಡು ಮೂರು ರೀಲು ತಂದು, ಮಿಲ್ಲಿನ ಅಂಗಳದಲ್ಲಿ ಮನೆಯವರನ್ನೆಲ್ಲ ಕೂರಿಸಿ ಸಿನಿಮಾ ತೆಗೆದಿದ್ದನಂತೆ. ಅದು ಮಾತಾಡುವ ಫಿಲ್ಮು. ಅಂಚಿನಲ್ಲಿ ಟೇಪ್ ರೆಕಾರ್ಡರಿನ ಟೇಪಿನಂಥದೇ ಒಂದು ಕಂದು ಪಟ್ಟಿ ಇರುತ್ತದೆ, ಅದರಲ್ಲಿ ದನಿ ಕೂತಿರುತ್ತದೆ. ಮೊದಲ ಕೆಲವು ತಿಂಗಳು ಮಾತಾಡಿತಂತೆ. ಆಮೇಲೆ ಮೂಗಾಯಿತಂತೆ. ಮಂಡ್ಯ ಮೈಸೂರಿನಲ್ಲಿ ಯಾರಿಗೂ ರಿಪೇರಿ ಬರಲಿಲ್ಲವಂತೆ. ಯಜಮಾನರು ಬೈದು ಬೈದು ಬೇಸತ್ತು ಅದನ್ನು ಅಟ್ಟಕ್ಕೆ ಹಾಕಿಸಿದ್ದರು.

ಅಟ್ಟದಲ್ಲಿದ್ದರೂ ಆಯುಧಪೂಜೆಯ ದಿನ ಅದು ಕೆಳಗಿಳಿಯಲೇಬೇಕು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಿಲ್ಲಿನ ದೊಡ್ಡ ಚಕ್ರಕ್ಕೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಗಂಡಸರೆಲ್ಲ ಕಡ್ಲೆಪುರಿ ತಿನ್ನಲು ಕೂತ ಮೇಲೆ ಅವ್ವ ಆಳಿಗೆ ಹೇಳಿ ಆ ಪೆಟ್ಟಿಗೆ ಇಳಿಸುವರು. ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹರಳೆಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು, ಮುಚ್ಚಳ ತೆಗೆದು, ಬೆರಳು ಒಳಗೆ ತೂರಿಸಿ ತಾವೇ ಇಡುವರು. ನಮ್ಮಮ್ಮ ಅದನ್ನು ನೋಡಿ ಕೈಮುಗಿಯುವುದೊಂದು ಬಾಕಿ. "ಗಂಡನ್ ವಸ್ತು ಅಂದ್ರೆ ಏನ್ ಬಯಬಕ್ತಿ ನೋಡು ಆ ತಾಯ್ಗೆ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಅವ್ವನ ಮಗ ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ಯಜಮಾನರು ಎದೆನೋವಿನಿಂದ ಹೋದರು. ಆ ವರ್ಷದ ಆಯುಧಪೂಜೆಯಲ್ಲಿ ಅವ್ವ ಮತ್ತೆ ಬಟ್ಟಲು ಹಿಡಿದಾಗ ಮನೆಯ ಹಿರಿಯ ಹೆಂಗಸರು ತಡೆದರು, ಗಂಡ ಸತ್ತವಳು ಕುಂಕುಮ ಮುಟ್ಟುವುದೇ ಎಂದು. ಅವ್ವ ತಿರುಗಿ ನಿಂತು, "ನನ್ ಅಣೆಗೆ ಇಕ್ಕೊತಾ ಇಲ್ಲ ಕಣ್ರವ್ವ. ಮಿಸನ್ನಿಗೆ ಇಕ್ತಾ ಇವ್ನಿ. ಆಚೆಗೋಗಿ" ಅಂದರಂತೆ. ಊರಿಗೆ ಅದೂ ಭಕ್ತಿಯಾಗಿಯೇ ಕಂಡಿತು. ನಾವು ಅಷ್ಟರಲ್ಲಿ ಮಂಡ್ಯಕ್ಕೆ ಬಂದಿದ್ದೆವು. ಅವ್ವನ ಸುದ್ದಿ ಆಗೊಂದು ಈಗೊಂದು ಕಿವಿಗೆ ಬೀಳುತ್ತಿತ್ತು, ಅಷ್ಟೆ.

ಹತ್ತು ಹನ್ನೆರಡು ವರ್ಷದ ಹಿಂದೆ ಅವ್ವನ ಮಗ ನನ್ನನ್ನು ಹುಡುಕಿಕೊಂಡು ಬಂದ. ಒಬ್ಬನೇ ಮಗ. ಅಪ್ಪನ ಹಾಗೆಯೇ ಹೊಟ್ಟೆ, ಅಪ್ಪನ ಹಾಗೆಯೇ ಮೀಸೆ. ಮಿಲ್ಲು ನಿಂತು ಹೋಗಿತ್ತು. ಆ ಜಾಗದಲ್ಲಿ ಅಪ್ಪನ ಹೆಸರಿನ ಕಲ್ಯಾಣ ಮಂಟಪ ಎದ್ದಿತ್ತು. ಅದರ ಆರಂಭದ ದಿನ ನೆಂಟರಿಷ್ಟರ ಮುಂದೆ ಅಪ್ಪನ ಸಿನಿಮಾ ಹಾಕಬೇಕು, ಅದೂ ದನಿಯ ಸಮೇತ.

"ನಮ್ಮಪ್ಪನ್ ಮಾತು ಎಂಗಿತ್ತು ಅನ್ನದೇ ಮರ್ತೋಗದೆ ಸಾರ್" ಎಂದ. ಹೇಳುವಾಗ ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. ಇವತ್ತಿಗೂ ನನಗೆ ಅದು ಬಗೆಹರಿದಿಲ್ಲ, ಆ ಕಣ್ಣೀರು ಮತ್ತು ಆಮೇಲೆ ಆದದ್ದು ಒಂದೇ ಮನುಷ್ಯನಲ್ಲಿ ಹೇಗೆ ಇದ್ದವೋ.

ಮದ್ದೂರಿಗೆ ಹೋದೆ. ಮಹಡಿಯ ಹಜಾರದಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಕೂತೆ. ಅದೇ ಗಲೀಜು, ಅದೇ ಕರಗಿದ ಬೆಲ್ಟು. ಆದರೆ ಹೆಡ್ಡಿನ ಮೇಲಿನ ಸಣ್ಣ ಮುಚ್ಚಳ ಎತ್ತಿದಾಗ ಬೆಚ್ಚಿಬಿದ್ದೆ. ಹೆಡ್ಡು ಎಂದರೆ ಉಗುರಿನಷ್ಟಿರುವ, ಕನ್ನಡಿಯಂತೆ ಹೊಳೆಯಬೇಕಾದ ಲೋಹದ ತುಂಡು. ಫಿಲ್ಮಿನ ಅಂಚಿನ ಪಟ್ಟಿ ಅದಕ್ಕೆ ಉಜ್ಜಿಕೊಂಡು ಹೋದರೇ ದನಿ. ಅದರ ಮೇಲೆ ಎಣ್ಣೆ ಕುಂಕುಮ ಪದರ ಪದರವಾಗಿ ಕೂತು, ಹುಣಸೆಮರದ ತೊಗಟೆಯ ಹಾಗೆ ಗಟ್ಟಿಯಾಗಿತ್ತು. ಸುತ್ತ ಇನ್ನೆಲ್ಲೂ ಒಂದು ಬೊಟ್ಟಿಲ್ಲ. ಹೊರಗಿನ ತಗಡಿನ ಮೇಲಿಲ್ಲ, ಲೆನ್ಸಿನ ಬಳಿ ಇಲ್ಲ, ಚಕ್ರದ ಮೇಲಿಲ್ಲ. ನೇರವಾಗಿ ಅಲ್ಲಿಗೇ.

ನನ್ನ ಬಾಯಲ್ಲಿ ಒಳ್ಳೆಯ ಮಾತು ಬರಲಿಲ್ಲ. ಏನು ಭಕ್ತಿಯಪ್ಪ ಇದು, ದೇವರಿಗೂ ಉಸಿರು ಕಟ್ಟಿಸುವ ಭಕ್ತಿ ಎಂದು ಗೊಣಗಿಕೊಂಡು, ಸ್ಪಿರಿಟ್ಟು, ಹತ್ತಿ, ಬಿದಿರುಕಡ್ಡಿ ಹಿಡಿದು ಕೆರೆಯಲು ಶುರು ಮಾಡಿದೆ. ಹತ್ತಿಯುಂಡೆಗಳು ಒಂದಾದ ಮೇಲೊಂದು ಕೆಂಪಗಾಗಿ ತಟ್ಟೆ ತುಂಬಿದವು. ನೋಡಿದರೆ ಯಾರದೋ ಗಾಯ ತೊಳೆದ ಹಾಗಿತ್ತು.

ಪ್ರೊಜೆಕ್ಟರಿನ ಜೊತೆಗೆ ಬಂದಿದ್ದ ಯಾವುದೋ ಪರದೇಶದ ರೀಲು ಹಾಕಿ ನೋಡಿದೆ. ದನಿ ಬಂತು. ಸ್ವಲ್ಪ ತೇಲಾಡುತ್ತಿತ್ತು. ಬೆಲ್ಟು ಬಿಗಿ ಮಾಡಿ, ಒಳಗಿನ ಪುಟ್ಟ ಸ್ಪೀಕರು ತೆಗೆದು ನನ್ನದೊಂದು ಒಳ್ಳೆಯ ಸ್ಪೀಕರು ಕೊಟ್ಟೆ. ಗಂಟಲು ಕಟ್ಟಿದವನು ಕೆಮ್ಮಿ ಸರಿಮಾಡಿಕೊಂಡ ಹಾಗೆ ದನಿ ತಿಳಿಯಾಯಿತು. ಮಗ ಕುಣಿದಾಡಿಬಿಟ್ಟ. ಫೋನು ತೆಗೆದು ಯಾರ್ಯಾರಿಗೋ "ಅಪ್ಪನ್ ಮಾತು ಕೇಳ್ಬೋದು ಬನ್ರಲಾ" ಎನ್ನುತ್ತ ಕೆಳಗೆ ಇಳಿದು ಹೋದ.

ನಾನು ಮನೆಯ ರೀಲು ಏರಿಸಿದೆ. ಗೋಡೆಯ ಮೇಲೆ ಮಿಲ್ಲಿನ ಅಂಗಳ ಮೂಡಿತು. ಸಾಲಾಗಿ ಕುರ್ಚಿ, ಕುರ್ಚಿಯಲ್ಲಿ ಬಿಳಿ ಪಂಚೆಯ ಗಂಡಸರು. ನಡುವೆ ಯಜಮಾನರು. ಹಿಂದೆ ಯಾರದೋ ತೊಡೆಯ ಮೇಲೆ ಕೂಸು. ತಟ್ಟೆಯಲ್ಲಿ ಕಾಫಿ ಲೋಟ ಹಿಡಿದು ಒಬ್ಬ ಎಳೆಯ ಹೆಂಗಸು ಬರುತ್ತಾಳೆ. ಅವ್ವ! ಅಷ್ಟು ಚಿಕ್ಕ ಪ್ರಾಯದ ಅವ್ವನನ್ನು ನಾನು ಕಂಡೇ ಇರಲಿಲ್ಲ. ಯಜಮಾನರು ಕ್ಯಾಮೆರಾದ ಕಡೆಗೆ ತಿರುಗಿ, ಅವರತ್ತ ಕೈ ತೋರಿಸಿ ಮಾತಾಡಿದರು.

"ನೋಡ್ಕಳಿ ಸೋಮಿ, ಇದೇ ನಮ್ಮೆಮ್ಮೆ. ಕೊಟ್ಟೋರು ಅಲ್ಲು ತೋರುಸ್ನಿಲ್ಲ, ಗೊರ್ಸು ತೋರುಸ್ನಿಲ್ಲ, ಅಂಗೇ ತಂದು ಕಟ್ಬುಟ್ರು. ಮೊದಲ್ನೇ ಸೂಲ್ಗೆ ಕರ ಸತ್ತೋಯ್ತು. ಎರಡ್ನೇದ್ಕೆ ಅಗೋ, ಏನೋ ಒಂದು ಉಳ್ಕಂಡದೆ. ಏನ್ ಮಾವ, ದಿಟವೋ ಸುಳ್ಳೋ?"

ಆಮೇಲೆ ಇನ್ನೂ ಎರಡು ಮಾತು. ಅದನ್ನು ಬರೆಯಲಾರೆ, ನನ್ನ ಪೆನ್ನಿಗೂ ಮರ್ಯಾದೆ ಇದೆ. ಅಷ್ಟಕ್ಕೆ ನಗು. ಒಂದು ಅಂಗಳದಷ್ಟು ಗಂಡಸರ ನಗು. ತೊಡೆ ತಟ್ಟಿಕೊಂಡು, ಬಗ್ಗಿ ಬಗ್ಗಿ. ನನ್ನ ಒಳ್ಳೆಯ ಸ್ಪೀಕರಿನಲ್ಲಿ ಒಂದೊಂದು ನಗುವೂ ಬೇರೆ ಬೇರೆಯಾಗಿ ಕೇಳುತ್ತಿತ್ತು.

ಸ್ವಿಚ್ಚು ಆರಿಸಿ ತಿರುಗಿದರೆ ಬಾಗಿಲಲ್ಲಿ ಅವ್ವ ನಿಂತಿದ್ದರು. ತಲೆ ಹಣ್ಣಾಗಿತ್ತು, ನಿಲುವು ಮಾತ್ರ ಹಾಗೇ ಇತ್ತು. ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ತಟ್ಟೆಯಲ್ಲಿದ್ದ ಕೆಂಪು ಹತ್ತಿಯನ್ನು. ಆಗ ನನಗೆ ಗೊತ್ತಾಯಿತು. ಅಷ್ಟು ವರ್ಷ, ಬೀದಿಯೆಲ್ಲ ಕೈಮುಗಿದ ಆ ಪೂಜೆ...

"ಎಲ್ಲಾನೂ ಕೆರ್ದಾಕ್ಬುಟ್ಯಾ?" ಎಂದರು.

"ಗೊತ್ತಿರ್ಲಿಲ್ಲ ಅವ್ವ."

"ನಿಂಗೆಂಗೆ ಗೊತ್ತಾಗ್ಬೇಕು. ಇದ್ನ ತಂದಿದ್ ಉಡುಗ ಅದ್ರೊಳಗೆ ಬೆರಳಿಟ್ಟು ತೋರ್ಸಿದ್ದ, ಮಾತು ಬರಾದು ಇಲ್ಲಿಂದ್ಲೇ ಅತ್ಗೆ ಅಂತ. ನೋಡ್ಕಂಡಿದ್ದೆ." ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. "ಬಂದೋರ್ಗೆಲ್ಲ ಹಾಕಿ ಹಾಕಿ ತೋರ್ಸರು ಕಣಪ್ಪ. ಎಲ್ರೂ ನಗರು. ನಾನು ಕಾಪಿ ತಂದ್ಕೊಡ್ಬೇಕು. ಅಲ್ಲಿ ಗೋಡೆ ಮೇಲೂ ಕಾಪಿ, ಇಲ್ಲೂ ಕಾಪಿ."

ನಾನು ಯಜಮಾನರ ಬಗ್ಗೆ ಏನೋ ಕೆಟ್ಟ ಮಾತು ಆಡಿದೆ. ಅವ್ವ ತಲೆಯಲ್ಲಾಡಿಸಿದರು.

"ಅವ್ನ್ ಬಾಯಿ ಅಂಗೇಯ. ಅದ್ಕಲ್ಲ ನಾ ಕುಂಕ್ಮ ಮೆತ್ತಿದ್ದು. ನಗ್ತವ್ರಲ್ಲ, ಅದ್ರಲ್ಲಿ ನಕ್ಕು ನಕ್ಕು ಕೆಮ್ತದೆ ನೋಡು ಒಂದು... ಅದು ನಮ್ಮಪ್ಪಂದು. ಮಗ ಸತ್ತು ಇನ್ನೂ ಎರಡ್ ವರ್ಸ ತುಂಬಿರ್ನಿಲ್ಲ. ಎಣ್ಮಗ ಕಣಪ್ಪ. ಕಣ್ ಬುಟ್ಟು ನೋಡಿತ್ತು. ನಮ್ಮಪ್ಪನೇ ಕೈಲಿ ಎತ್ಕಂಡೋಗಿ ಮಣ್ ಮಾಡಿದ್ದ. ಅವ್ನೇ ನಕ್ಬುಟ್ಟ."

ಗೋಡೆಯ ಮೇಲೆ ಈಗಷ್ಟೇ ನಕ್ಕಿದ್ದ ಆ ಮುಖಗಳೆಲ್ಲ ಸತ್ತು ಯಾವ ಕಾಲವಾಗಿದೆಯೋ. ಆದರೂ ಒಬ್ಬೊಬ್ಬನನ್ನೇ ಹಿಡಿದು ಉಗಿಯಬೇಕು ಅನ್ನಿಸಿತು. "ಅವ್ವ, ಒಂದು ವೈರು ಬಿಚ್ಚಿಬಿಡ್ತೀನಿ. ಮತ್ತೆ ಕೆಟ್ಟೋಯ್ತು ಅಂತ ಹೇಳ್ತೀನಿ. ನನ್ ಹೊರತು ಇದನ್ನ ಸರಿಮಾಡೋನು ಈ ಸೀಮೇಲೇ ಇಲ್ಲ" ಎಂದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಅಂಗೇ ಮಾಡಪ್ಪ. ನಂಗೂ ವಯ್ಸಾಯ್ತು, ನಾ ಸತ್ಮೇಲೆ ಏನಾರ ಮಾಡ್ಕಳ್ಲಿ" ಎಂದು, ಊಟಕ್ಕೆ ಕರೆದರು.

ಆ ಊಟದಲ್ಲೇ ಎಲ್ಲ ತಲೆಕೆಳಗಾಯಿತು. ನಾನು, ಮಗ, ಹತ್ತು ಹನ್ನೊಂದರ ಮೊಮ್ಮಗ ಸಾಲಾಗಿ ಕೂತಿದ್ದೆವು. ಸೊಸೆ ಬಡಿಸುತ್ತಿದ್ದಳು. ಬಿಸಿ ಮುದ್ದೆ, ಹುರುಳಿಕಟ್ಟಿನ ಸಾರು. ಮಗ ಮುದ್ದೆ ಮುರಿದು, ಒಳಗಿದ್ದ ಹಿಟ್ಟಿನ ಗಂಟೊಂದನ್ನು ಎರಡು ಬೆರಳಲ್ಲಿ ಎತ್ತಿ ನನಗೆ ತೋರಿಸಿದ.

"ನೋಡಿ ಸಾರ್, ನಮ್ಮನೆ ಅಡ್ಗೆ. ಏನಮ್ಮಿ, ಅದೇನ್ ಕೈಯೋ ಗೊರ್ಸೋ? ನಿಮ್ಮಪ್ಪ ಕೊಡವಾಗ ಯೋಳ್ಳೇ ಇಲ್ವಲ್ಲಮ್ಮಿ!"

ಮೊಮ್ಮಗ ಕಿಸಕ್ಕನೆ ನಕ್ಕ. ಸಾರು ನೆತ್ತಿಗೇರಿ ಕೆಮ್ಮುತ್ತ ನಕ್ಕ. ಮಗ ಹೆಮ್ಮೆಯಿಂದ ಅವನ ಬೆನ್ನು ತಟ್ಟಿದ. ಸೊಸೆ ಆ ಗಂಟನ್ನು ಗಂಡನ ಕೈಯಿಂದ ತೆಗೆದುಕೊಂಡು, ಬೇರೆ ಮುದ್ದೆ ತರಲು ಒಳಗೆ ಹೋದಳು. ರೀಲಿನಲ್ಲಿ ಅಪ್ಪ ಆಡಿದ್ದ ಆ ಮಾತನ್ನು ಈ ಮಗ ಎಂದೂ ಕೇಳಿರಲಿಲ್ಲ. ದನಿ ಸತ್ತಾಗ ಅವನು ತೊಡೆಯ ಮೇಲಿನ ಕೂಸು. ಆದರೂ ಅದೇ ಗೊರಸು ಅವನ ನಾಲಗೆಗೆ ಹೇಗೆ ಬಂತು? ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊಮ್ಮಗನನ್ನೇ ನೋಡುತ್ತಿದ್ದರು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ಅವ್ವ ಚೊಂಬು ಹಿಡಿದು ಬಂದರು. ನೀರು ಹಾಕುತ್ತ, ತಗ್ಗಿದ ದನಿಯಲ್ಲಿ, "ವೈರು ಬಿಚ್ಬೇಡ" ಎಂದರು.

"ಅವ್ವ, ಊರೆಲ್ಲ ಸೇರ್ತದೆ."

"ಸೇರ್ಲಿ. ನಾನು ಮಿಸನ್ ಬಾಯಿ ಮುಚ್ದೆ, ಇವ್ನ್ ಬಾಯಿ ಮುಚ್ನಿಲ್ಲ. ಅವ್ರಪ್ಪ ಆಡಿದ್ನ ಇವ್ನು ಒಂದ್ಸಲ ಕಿವಿಯಾರ ಕೇಳ್ಲಿ. ನಮ್ಮವ್ವನ್ ಇಂಗೆ ಅಂದಿದ್ನಾ ಅಂತ ಅವ್ನ್ ಒಟ್ಟೆ ಉರೀಲಿ. ಆಗ್ಲಾರ ಆ ಎಣ್ಣಿನ್ ಮೇಲೆ ನಾಲ್ಗೆ ಅಳ್ತೇಲಿ ಇರ್ತದೆ."

ಅಷ್ಟು ಉದ್ದದ ಮಾತನ್ನು ಅವ್ವ ಆಡಿದ್ದು ನಾನು ಕೇಳಿದ್ದು ಅದೇ ಮೊದಲು. ಇಡೀ ಜನ್ಮ ಮುಚ್ಚಿಟ್ಟ ಮಾನವನ್ನು ಅವರು ಸೊಸೆಗಾಗಿ ಬಯಲಿಗೆ ಇಡಲು ಹೊರಟಿದ್ದರು. ಮಗನಿಗೆ ನಾಚಿಕೆಯಾಗುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ. ನನಗೂ ಆ ನಂಬಿಕೆ ಬಂತು. ಯಾರಿಗೆ ತಾನೆ ಬರುವುದಿಲ್ಲ? ಹೆತ್ತ ತಾಯಿಯಲ್ಲವೇ.

ಮಂಟಪದ ಆರಂಭಕ್ಕೆ ಜನ ಕಿಕ್ಕಿರಿದಿದ್ದರು. ಊಟಕ್ಕೆ ಬಂಡೂರು ಕುರಿಗಳನ್ನೇ ಹುಡುಕಿ ತರಿಸಿದ್ದರಂತೆ. ಹಿಂಭಾಗದಿಂದ ಮಸಾಲೆಯ ಘಮ ಬರುತ್ತಿತ್ತು. ಹೊತ್ತು ಮುಳುಗುವ ವೇಳೆಗೆ ಕಿಟಕಿ ಬಾಗಿಲು ಎಳೆದು, ಸುಣ್ಣ ಹೊಡೆದ ಗೋಡೆಗೆ ಬೆಳಕು ಬಿಟ್ಟೆ. ಅವ್ವ ಮುಂದಿನ ಸಾಲಿನಲ್ಲಿ, ಶಾಲು ಹೊದಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಮಗ, ಮೊಮ್ಮಗ. ಸೊಸೆ ಹಿಂದೆ ಹೆಂಗಸರ ಸಾಲಿನಲ್ಲಿ.

ಯಜಮಾನರು ಗೋಡೆಯ ಮೇಲೆ ಬಂದಾಗ ಜನ ಚಪ್ಪಾಳೆ ಹೊಡೆದರು. ಎಳೆಯ ಅವ್ವ ತಟ್ಟೆ ಹಿಡಿದು ಬಂದರು. ಯಜಮಾನರು ಬಾಯಿ ತೆರೆದರು. ಎಮ್ಮೆ, ಹಲ್ಲು, ಗೊರಸು, ಸತ್ತ ಕರ... ಒಂದಕ್ಷರ ಬಿಡದೆ ಮೂಲೆಮೂಲೆಗೂ ಕೇಳಿತು. ನಾನೇ ಅಷ್ಟು ಚೆನ್ನಾಗಿ ಸರಿಮಾಡಿದ್ದೆನಲ್ಲ. ಒಂದು ಗಳಿಗೆ ಸಭೆ ಗಪ್ಪಾಯಿತು. ಆಯಿತು, ಅವ್ವ ಗೆದ್ದರು ಅಂದುಕೊಂಡೆ.

ಗೋಡೆಯ ಮೇಲಿನವರು ನಕ್ಕರು. ಅದರ ಬೆನ್ನಿಗೇ ಈ ಸಭೆಯೂ ನಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನಿಂದ ಶಿಳ್ಳೆ ಬಂತು. "ಲೇ, ಏನ್ ಡೈಲಾಗ್ಲಾ ಯಜಮಾನ್ರುದು!" ಎಂದು ಒಬ್ಬ. "ಮಂಡ್ಯದ್ ಗತ್ತು ಅಂದ್ರೆ ಇದು ಕಣ್ಲಾ" ಎಂದು ಇನ್ನೊಬ್ಬ. ಯಾವ ನಗು ಗೋಡೆಯದು, ಯಾವುದು ಸಭೆಯದು ಎಂದು ನನಗೇ ಬಿಡಿಸಿ ಹೇಳಲಾಗಲಿಲ್ಲ. ಮಗ ಎದ್ದು ನಿಂತು, ಕಣ್ಣೊರೆಸಿಕೊಳ್ಳುತ್ತ, "ನಮ್ಮಪ್ಪ ಅಂದ್ರೆ ನಮ್ಮಪ್ಪ! ಇನ್ನೊಂದ್ಸಲ ಹಾಕಿ ಸಾರ್" ಎಂದು ಕೂಗಿದ. ಹಂದಿಗಳು ಕೂಡ ತಮ್ಮ ತಾಯಿಯನ್ನು ಹೀಗೆ ನೋಡಿ ನಗಲಾರವು. ನಾನು ಲ್ಯಾಂಪು ಆರಿಸಿ ಕೂತುಬಿಟ್ಟೆ.

ಕತ್ತಲಲ್ಲಿ ಅವ್ವನ ದನಿ ಬಂತು. ಜೋರಾಗಿ ಏನಲ್ಲ.

"ಅದು ಕರ ಅಲ್ಲ ಕಣ್ಲಾ. ನಿಮ್ಮಕ್ಕ."

"ಅಯ್ಯೋ ಬುಡವ್ವ, ಅಪ್ಪ ತಮಾಸೆಗೆ ಅಂದವ್ನೆ" ಎಂದ ಮಗ. ಇನ್ನೂ ನಗುತ್ತಲೇ ಇದ್ದ. ಯಾರೋ ಲೈಟು ಹಾಕಿದರು, ಯಾರೋ ಊಟಕ್ಕೆ ಏಳಿ ಎಂದರು. ಜನ ಎಲೆಯ ಕಡೆಗೆ ನುಗ್ಗಿದರು. ಬೋಟಿ ಗೊಜ್ಜು ಮೊದಲೋ ಮುದ್ದೆ ಮೊದಲೋ ಎಂಬುದೇ ಆಗ ದೊಡ್ಡ ಮಾತಾಗಿತ್ತು.

ನಾನು ವೈರು ಸುತ್ತುತ್ತಿದ್ದಾಗ ಅವ್ವ ಬಳಿಗೆ ಬಂದರು. ಶಾಲು ಕೈಯಲ್ಲಿತ್ತು. "ಚೆಂದಾಗ್ ಮಾಡಿದ್ದೀಯ ಕಣಪ್ಪ. ಎಲ್ರುದೂ ಕೇಳ್ತು" ಎಂದರು. ಶಾಲು ಮಡಚಿಕೊಂಡರು. "ಆಗ ನಮ್ಮಪ್ಪ ನಕ್ಕ. ಇವತ್ತು ನನ್ ಪಕ್ದಲ್ಲೇ ಮೊಮ್ಮಗ ನಕ್ಕ" ಎಂದು ಒಳಗೆ ಹೋದರು. ನನಗೆ ಊಟ ಮಾಡಿಹೋಗು ಎಂದು ಹೇಳಲು ಅವರು ಮರೆತಿದ್ದರು. ಕರೆದಿದ್ದರೂ ನಾನು ಆ ಎಲೆಯ ಮುಂದೆ ಕೂರುತ್ತಿರಲಿಲ್ಲ.

ಆಮೇಲೆ ಅವ್ವ ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಮೂರು ವರ್ಷದ ಹಿಂದೆ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಎರಡು ದಿನ ಕಳೆದ ಮೇಲೆ ಮಗ ಫೋನು ಮಾಡಿದ.

"ಸಾರ್, ಅವ್ವನ್ ತಿಥಿ ದಿನ ಆ ರೀಲು ಹಾಕುಸ್ಬೇಕು. ಅವ್ವ ಓಡಾಡೋದು ಇರೋದು ಅದೊಂದ್ರಲ್ಲೇ ನೋಡಿ. ಸೌಂಡು ಇನ್ನೂ ವಸಿ ಇಂಪ್ರೂ ಮಾಡ್ಕೊಡಿ. ಈ ಸಲ ದೊಡ್ ಸ್ಪೀಕರ್ ತರುಸ್ತಾ ಇವ್ನಿ."

ಮೈಯೆಲ್ಲ ಉರಿದುಹೋಯಿತು. "ನಾಚ್ಕೆ ಆಗಲ್ವೇನಪ್ಪ ನಿಂಗೆ? ಹೆತ್ತ ತಾಯಿ ಎಡೆ ಮುಂದೆ ಅದನ್ನ ಹಾಕ್ತೀಯಾ?" ಎಂದು ಕೂಗಾಡಿದೆ. ಅವನು "ಯಾಕ್ ಸಾರ್? ಏನಾಯ್ತು?" ಎಂದ. ಅಷ್ಟು ಮುಗ್ಧವಾಗಿ ಕೇಳಿದ. ಬೇಕೆಂದೇ ಮಾಡುವ ಕೇಡನ್ನಾದರೂ ಬೈದು ನೀಗಿಕೊಳ್ಳಬಹುದು. ಈ 'ಏನಾಯ್ತು'ವಿಗೆ ಏನು ಹೇಳುವುದು? ಫೋನು ಕುಕ್ಕಿದೆ. ಇವತ್ತೂ ಆ ದನಿ ನೆನಪಾದರೆ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಮಾರನೆಯ ದಿನ ಸೊಸೆ ಒಬ್ಬಳೇ ಬಸ್ಸು ಹತ್ತಿ ಮಂಡ್ಯಕ್ಕೆ ಬಂದಳು. ಬ್ಯಾಗಿನಿಂದ ರೀಲಿನ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. "ಅವ್ರಿಗೆ ಗೊತ್ತಿಲ್ಲ ಸಾರ್. ಎತ್ಕಂಬಂದ್ಬುಟ್ಟೆ. ಇನ್ ಯಾವತ್ತೂ ಕೊಡ್ಬೇಡಿ" ಎಂದಳು. ಆ ಮನೆಯಲ್ಲಿ ಅವ್ವನ ಮಾತು ಒಬ್ಬರಿಗಾದರೂ ನಾಟಿತ್ತು ಎಂದು ಆಗ ತಿಳಿಯಿತು. ಅದು ನಾಟಬೇಕಾದವನಿಗಲ್ಲ, ಅದಾಗಲೇ ಎಲ್ಲ ಗೊತ್ತಿದ್ದವಳಿಗೆ.

ಅವಳಿಗೆ ಒಮ್ಮೆ ಹಾಕಿ ತೋರಿಸಿದೆ, ದನಿ ಪೂರ್ತಿ ತಗ್ಗಿಸಿ. ತಟ್ಟೆ ಹಿಡಿದ ಅವ್ವ ಎಲ್ಲರನ್ನೂ ದಾಟಿ, ಕೆಮ್ಮುತ್ತ ನಗುತ್ತಿರುವ ತಮ್ಮಪ್ಪನ ಮುಂದೆ ಬಗ್ಗುತ್ತಾರೆ. ಸೊಸೆ ಗೋಡೆಯ ಹತ್ತಿರ ಹೋಗಿ ನಿಂತಳು. "ಸಾರ್, ಅತ್ತೆಮ್ಮ ಏನೋ ಅಂತವ್ರೆ. ಬಾಯಿ ಅಲ್ಲಾಡ್ತದೆ ನೋಡಿ. ಅವ್ರ್ ಮಾತು ಸಿಕ್ತದಾ?" ಎಂದಳು. ನೋಡುತ್ತೇನಮ್ಮ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಅವಳು ಹೊರಟುಹೋದಳು.

ರೀಲಿಗೆ ಹುಳಿ ವಾಸನೆ ಹತ್ತಲು ಶುರುವಾಗಿತ್ತು. ಪೂರ್ತಿ ಕೊಳೆಯುವ ಮೊದಲೇ ಚಿತ್ರವನ್ನೂ ದನಿಯನ್ನೂ ಕಂಪ್ಯೂಟರಿಗೆ ಇಳಿಸಿಕೊಂಡೆ. ಅಂದಿನಿಂದ ಆಗಾಗ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತೇನೆ. ಇವತ್ತೂ ಮಳವಳ್ಳಿಯ ಪೆಟ್ಟಿಗೆಯನ್ನು ಹಾಗೇ ಬಿಟ್ಟು, ಕೈ ತೊಳೆದು ಬಂದು ಕೂತೆ. ಗುಂಯ್‌ಗುಟ್ಟುವುದನ್ನು ತೆಗೆದಿದ್ದೇನೆ, ಕ್ಯಾಮೆರಾದ ಸದ್ದು ತೆಗೆದಿದ್ದೇನೆ, ಅಂಗಳದಾಚೆ ಬೊಗಳುವ ನಾಯಿಯನ್ನೂ ತೆಗೆದಿದ್ದೇನೆ. ಆ ನಗುವಿನ ಅಡಿಯಲ್ಲಿ ಒಂದು ಹೆಣ್ಣುದನಿ ಇದೆ. ಎರಡೋ ಮೂರೋ ಮಾತು. ಅಪ್ಪಾ ಎಂದರೋ, ಕಾಫಿ ತಕ್ಕೋ ಎಂದರೋ, ನಗಬೇಡ ಎಂದರೋ. ಅವ್ವ ಇದ್ದಾಗ ಕೇಳಿಕೊಳ್ಳಬಹುದಾಗಿತ್ತು, ಆಗ ನಾನು ಅವರ ತುಟಿ ನೋಡಿರಲೇ ಇಲ್ಲ. ಈಗ ಹೇಳುವವರು ಯಾರೂ ಉಳಿದಿಲ್ಲ. ನಗುವನ್ನು ಹಾಗೇ ಬಿಟ್ಟರೆ ಮಾತು ಕೇಳುವುದಿಲ್ಲ. ನಗುವನ್ನು ಅಳಿಸುತ್ತ ಹೋದರೆ ಅವ್ವನ ದನಿಯೂ ಅದರ ಜೊತೆಗೇ ಹೋಗುತ್ತದೆ.